ಐವತ್ತಾರು ಸೆಂಟ್ಸ್ ಮಳೆ

೧೯೯೭ರ ಮೇ ೧೫, ಗುರುವಾರ, ಬೆಳಿಗ್ಗೆ ೧೧.೨೦ಕ್ಕೆ ಕೆ.ಆರ್. ಪೇಟೆ ಠಾಣೆಗೆ ಬಂದ ಸಿದ್ದಲಿಂಗಮ್ಮ ದೂರು ಹೇಳುವ ಮೊದಲೇ ಅತ್ತುಬಿಟ್ಟರು.

ಸಿಂಧಘಟ್ಟದ ಮಳೆಮಾಪನ ಕೇಂದ್ರದ ದಾಖಲೆ ಕೋಣೆ ಅವರ ಸುಪರ್ದಿನಲ್ಲಿತ್ತು. ಅಂಗಳದ ಪಾತ್ರೆಯಲ್ಲಿ ಬಿದ್ದ ಮಳೆಯನ್ನು ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯುವುದು ಅಲ್ಲಿ ತೊಂಬತ್ತು ವರ್ಷಗಳ ಪದ್ಧತಿ. ಆ ಪುಸ್ತಕಗಳಲ್ಲಿ ೧೯೬೧ರಿಂದ ೧೯೭೦ರವರೆಗಿನ ಕಟ್ಟು ಕಾಣೆಯಾಗಿತ್ತು.

"ಬೀಗ ಒಡೆದಿದ್ದಾರಾ?" ಇನ್ಸ್‌ಪೆಕ್ಟರ್ ಪುಟ್ಟಸ್ವಾಮಿ ಕೇಳಿದರು.

"ಇಲ್ಲ ಸಾ, ಬೀಗ ಅಂಗೇ ಅದೆ."

"ಬೀಗದ ಕೈ?"

"ಇರೋದೊಂದೇ. ನನ್ ತಾವೇ ಅದೆ. ಅದ್ಕೇ ಎಲ್ರೂ ನನ್ನೇ ನೋಡ್ತಾವ್ರೆ. ಸೋಮವಾರದೊಳ್ಗೆ ಸಿಕ್ನಿಲ್ಲ ಅಂದ್ರೆ ಕೆಲ್ಸದಿಂದ ತೆಗೀತೀವಿ ಅಂದವ್ರೆ ನಮ್ ಸಾಯೇಬ್ರು."

"ಹಳೇ ಪುಸ್ತಕಕ್ಕೂ ಕಳ್ರು ಉಟ್ಕಂಡ್ರಾ ಸಾರ್?" ಎಂದರು ಹೆಡ್ ಕಾನ್ಸ್‌ಟೇಬಲ್ ಮಂಚಯ್ಯ. ಪುಟ್ಟಸ್ವಾಮಿಯವರಿಗೂ ಹಾಗೇ ಅನ್ನಿಸಿತ್ತು. ಆದರೂ ದೂರು ದೂರೇ. ಎಫ್ಐಆರ್ ಸಂಖ್ಯೆ ೮೭/೯೭, ಕಲಂ ೩೮೦ರ ಅಡಿ ಪ್ರಕರಣ ದಾಖಲಾಯಿತು.

೧೨.೪೦ಕ್ಕೆ ಸ್ಥಳಕ್ಕೆ ಹೋದಾಗ ಅರ್ಪಿತ ಎಂಬ ಹುಡುಗಿ ಜಗಲಿಯ ಮೇಲೆ ತಲೆಗೆ ಕೈಹೊತ್ತು ಕೂತಿದ್ದಳು. ಊರು ಶ್ರೀರಂಗಪಟ್ಟಣ, ಪುಣೆಯಲ್ಲಿ ಹವಾಮಾನ ಸಂಶೋಧನೆ. ಆ ಪುಸ್ತಕಗಳನ್ನು ನಕಲು ಮಾಡಿಕೊಳ್ಳಲೆಂದೇ ಅಂದು ಬಂದಿದ್ದಳು.

"ನೂರು ವರ್ಷದಲ್ಲಿ ಇಡೀ ದೇಶದ ಯಾವ ಮೂಲೆಯಲ್ಲಿ ಎಷ್ಟು ಮಳೆ ಬಿತ್ತು ಅಂತ ಲೆಕ್ಕ ಕಟ್ತಿದ್ದೀವಿ ಸರ್. ಪಾತ್ರೆ ಇಲ್ಲದ ಊರಿನ ಮಳೆಯನ್ನ ಸುತ್ತಲಿನ ಪಾತ್ರೆಗಳಿಂದ ಅಂದಾಜು ಮಾಡ್ತೀವಿ. ಇಲ್ಲಿನ ಹತ್ತು ವರ್ಷ ಹೋದ್ರೆ ಸುತ್ತಲಿನ ಇಪ್ಪತ್ತು ಊರಿನ ಲೆಕ್ಕ ಕುಂಟುತ್ತೆ."

"ನೀವು ಬರೋದು ಯಾರಿಗೆ ಗೊತ್ತಿತ್ತು?"

"ಸೋಮವಾರವೇ ಬೋರ್ಡಿಗೆ ಚೀಟಿ ಅಂಟಿಸಿದ್ರಂತೆ."

ಅಂದರೆ ಇಡೀ ಊರಿಗೆ ಗೊತ್ತಿತ್ತು. ಪಂಚನಾಮೆ ನಡೆಯಿತು. ಕಳ್ಳ ಉಳಿದ ಕಟ್ಟುಗಳನ್ನು ಒತ್ತಾಗಿ ಜೋಡಿಸಿಟ್ಟು ಹೋಗಿದ್ದ. ಇಷ್ಟು ಅಚ್ಚುಕಟ್ಟಿನ ಕಳ್ಳನನ್ನು ಪುಟ್ಟಸ್ವಾಮಿ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಸಂಜೆಯವರೆಗೆ ಪೇಟೆಯ ಹಳೇ ಪೇಪರ್ ಅಂಗಡಿಗಳನ್ನೆಲ್ಲ ಜಾಲಾಡಿದರೂ ಏನೂ ಸಿಗಲಿಲ್ಲ.

ಶುಕ್ರವಾರ ಬೆಳಿಗ್ಗೆ ೯ಕ್ಕೆ ಮತ್ತೆ ಸಿಂಧಘಟ್ಟ. ಜಗಲಿಯ ಮೇಜಿನ ಮೇಲಿದ್ದ ಈ ವರ್ಷದ ಪುಸ್ತಕವನ್ನು ಪುಟ್ಟಸ್ವಾಮಿ ಸುಮ್ಮನೆ ತಿರುವಿದರು. ಬುಧವಾರ ರಾತ್ರಿ ಮಳೆಯಾಗಿತ್ತು. ಗುರುವಾರದ ಸಾಲಿನಲ್ಲಿ ೧೪.೨ ಮಿಲಿಮೀಟರ್ ಎಂದಿತ್ತು. ಪಕ್ಕದಲ್ಲಿ ಸಣ್ಣದಾಗಿ ೫೬. ಬರಹ ಮಾತ್ರ ಮೇಲಿನ ಸಾಲುಗಳದ್ದಲ್ಲ. ಮಳೆ ಅಳೆಯುವ ಕೆಲಸದ ಚಿಕ್ಕಸ್ವಾಮಿಯನ್ನು ಕರೆಸಿದರು.

"ನಿನ್ನೆ ಬೆಳಿಗ್ಗೆ ಎಂಟೂವರೆಗೆ ಎಲ್ಲಿದ್ದೆ?"

"ಇಲ್ಲೇ ಸಾ."

"ಇನ್ನೊಂದ್ಸಲ ಕೇಳ್ತೀನಿ."

"ನಾಗಮಂಗಲದಾಗೆ ಸಾ. ನಮ್ ತಂಗಿ ಬೀಗ್ರೂಟ. ಬುಟ್ಟು ಬರಾಕಾಯ್ತದಾ?"

"ಹಾಗಾದ್ರೆ ಇದನ್ನ ಬರೆದೋರು ಯಾರು?"

"ದೇವ್ರಾಣೆ ಗೊತ್ತಿಲ್ಲ. ಬಂದ್ಮೇಲೆ ಅಂದಾಜ್ನಾಗೆ ಬರ್ಯಾನ ಅಂತಿದ್ದೆ. ನೋಡಿದ್ರೆ ಯಾರೋ ಬರ್ದ್ಬುಟ್ಟವ್ರೆ. ಸುಮ್ಕಾದೆ."

'ಅಂದಾಜ್ನಾಗೆ' ಎಂದದ್ದು ಕೇಳಿ ಸಿದ್ದಲಿಂಗಮ್ಮನ ಜೊತೆ ಅಲ್ಲೇ ನಿಂತಿದ್ದ ಅರ್ಪಿತಳ ಮುಖ ಬಾಡಿತು. ಆದರೆ ಆ ೫೬ ಅವಳಿಗೆ ತಕ್ಷಣ ಹೊಳೆಯಿತು.

"ಹಿಂದೆ ಇಂಚಿನ ಲೆಕ್ಕ ಇತ್ತು ಸರ್. ಇಂಚಿನ ನೂರನೇ ಒಂದು ಭಾಗ ಅಂದ್ರೆ ಒಂದು ಸೆಂಟ್. ೧೪.೨ ಮಿಲಿಮೀಟರಿಗೆ ಸರಿಯಾಗಿ ಐವತ್ತಾರು ಸೆಂಟ್ಸ್. ಆ ಲೆಕ್ಕ ಬಿಟ್ಟು ನಲವತ್ತು ವರ್ಷ ಆಗ್ತಾ ಬಂತು."

"ಇವತ್ಗೂ ಸೆಂಟ್ಸ್‌ನಾಗೆ ಮಳೆ ಏಳೋರು ಊರ್ನಾಗೆ ಚಲುವಯ್ಯಾರೊಬ್ರೇ," ಎಂದ ಸಿದ್ದಲಿಂಗಮ್ಮ ಥಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡರು.

ಚಲುವಯ್ಯ ೧೯೫೨ರಿಂದ ೮೪ರವರೆಗೆ ಇಲ್ಲೇ ಮಳೆ ಅಳೆದವರು. ಊರಿನವರು ಅವರನ್ನು ಕೇಳದೆ ರಾಗಿ ಬಿತ್ತುತ್ತಿರಲಿಲ್ಲ. ಕದಿಯಲು ಬಂದ ಮನುಷ್ಯ ಪಾತ್ರೆಯಲ್ಲಿ ನೀರು ಕಂಡಿದ್ದಾರೆ. ಎಂಟೂವರೆಯಾಗಿದೆ, ಅಳೆಯುವವರಿಲ್ಲ. ಕೈ ಕೇಳಿಲ್ಲ. ಪುಟ್ಟಸ್ವಾಮಿಯವರಿಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು.

ಚಲುವಯ್ಯ ಊರಲ್ಲಿರಲಿಲ್ಲ, ಗುರುವಾರವೇ ಪಾಂಡವಪುರದ ಮಗಳು ಸುಧಳ ಮನೆಗೆ ಹೋಗಿದ್ದರು. ೨.೧೦ಕ್ಕೆ ಜೀಪು ನಿಂತಾಗ ಎದ್ದು ಅಂಗಿ ಹಾಕಿಕೊಂಡರು.

"ಬತ್ತೀರ ಅಂತ ಗೊತ್ತಿತ್ತು ಸಾಮಿ. ಆಳಾದ್ ಕೈ, ಬರ್ದ್ಬುಡ್ತು."

ರಾಗಿ ತುಂಬುವ ವಾಡೆಯೊಳಗೆ ಪಂಚೆಯಲ್ಲಿ ಸುತ್ತಿದ ಕಟ್ಟು ಸಿಕ್ಕಿತು. ಹುಳ ಹತ್ತದಂತೆ ನಡುನಡುವೆ ಬೇವಿನ ಸೊಪ್ಪು ಇಟ್ಟಿದ್ದರು. ಮಂಚಯ್ಯ ಮೂರು ಸಲ ಎಣಿಸಿದರು. ಹತ್ತೂ ಇದ್ದವು.

"ಬೀಗ ಹೇಗೆ ತೆಗೆದ್ರಿ?"

"ರಿಟೈರಾದಾಗ ಇನ್ನೊಂದ್ ಕೈ ನನ್ ತಾವೇ ಉಳ್ಕಂಡಿತ್ತು."

"ಕದ್ದದ್ದು ಯಾಕೆ?"

ಚಲುವಯ್ಯ ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿದರು. "ಅರವತ್ತಾರ್ನೇ ಇಸ್ವಿ ಆಗಸ್ಟು. ಇವ್ಳು ಉಟ್ದಾಗ ನಮ್ ಮುತ್ತಮ್ಮಂಗೆ ಬಾಣಂತಿ ಜ್ವರ. ಪಟ್ಣದ ಆಸ್ಪತ್ರೇಲಿ ಅತ್ತೊಂಬತ್ ದಿನ ನಾ ಪಕ್ಕದಾಗೇ ಕುಂತಿದ್ದೆ. ವಾಪಸ್ ಬಂದು ಅತ್ತೊಂಬತ್ ದಿನದ ಮಳೆನೂ ಕುಂತಲ್ಲೇ ಬರ್ದೆ. ಈಗ ದೇಸದ್ ಲೆಕ್ಕಕ್ಕೆ ಓಯ್ತದೆ ಅಂದ್ರು. ನನ್ ಸುಳ್ಳೂ ಅದ್ರ ಜೊತೇಲೇ ಓಯ್ತದಲ್ಲಾ ಅಂತ ಎದೆ ಒಡ್ದೋಯ್ತು."

"ಸುಟ್ಟುಹಾಕಬಹುದಿತ್ತಲ್ಲ?"

"ಮಿಕ್ಕಿದ್ದೆಲ್ಲ ನಿಜ ಅಲ್ವಾ ಸಾಮಿ?"

೩.೦೫ಕ್ಕೆ ದಸ್ತಗಿರಿಯಾಯಿತು. ಕಟ್ಟು, ಬೀಗದ ಕೈ ಎರಡನ್ನೂ ಪಂಚರ ಮುಂದೆ ವಶಪಡಿಸಿಕೊಂಡರು.

ಠಾಣೆಯಲ್ಲಿ ಅರ್ಪಿತ ೧೯೬೬ರ ಪುಸ್ತಕ ಬಿಡಿಸಿದಳು. ಚಲುವಯ್ಯ ಹತ್ತೊಂಬತ್ತು ಸಾಲುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದರು.

"ಈ ದಿನಗಳನ್ನ ಖಾಲಿ ಬಿಡ್ತೀವಿ ಅಜ್ಜ. ಮೇಲುಕೋಟೆ, ನಾಗಮಂಗಲ, ಪಾಂಡವಪುರದ ಪಾತ್ರೆಗಳಿಂದ ಅಂದಾಜು ಮಾಡ್ಕೋತೀವಿ. ಇಂಥ ತೂತು ಮುಚ್ಚೋದೇ ನಮ್ಮ ಕೆಲಸ. ನಿಮ್ಮ ಮಿಕ್ಕ ವರ್ಷಗಳೆಲ್ಲ ಹಾಗೇ ಹೋಗ್ತವೆ."

"ಇಷ್ಟೇಯಾ ತಾಯಿ?" ಮುದುಕರಿಗೆ ನಂಬಲಾಗಲಿಲ್ಲ. "ಇಷ್ಟಕ್ಕಾ ನಾ ಮೂವತ್ ವರ್ಸ ನವ್ದಿದ್ದು?" ಎಂದವರೇ ಗಳಗಳ ಅತ್ತರು. ಆಮೇಲೆ ಸಿದ್ದಲಿಂಗಮ್ಮನ ಕಡೆ ತಿರುಗಿ ಕೈಮುಗಿದರು. "ನಿಂಗ್ ಕೆಟ್ಟೆಸ್ರು ತಂದ್ಬುಟ್ಟೆ ಕಣವ್ವ."

"ಬುಡಿ ಅಯ್ಯ. ಸಿಕ್ತಲ್ಲ, ಸಾಕು," ಎಂದ ಸಿದ್ದಲಿಂಗಮ್ಮ ಎರಡು ದಿನದಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಕಾಫಿ ಕುಡಿದರು.

ಶನಿವಾರ ನ್ಯಾಯಾಲಯ ಜಾಮೀನು ಕೊಟ್ಟಿತು. ಕೇಸ್ ಡೈರಿಯಲ್ಲಿ ಕಾರಣದ ಜಾಗದಲ್ಲಿ ಪುಟ್ಟಸ್ವಾಮಿ ಬರೆದರು: 'ಆರೋಪಿಯು ೧೯೬೬ರಲ್ಲಿ ಹತ್ತೊಂಬತ್ತು ದಿನ ಹೆಂಡತಿಯ ಪಕ್ಕದಲ್ಲಿದ್ದ ಕಾರಣ.' ಮೇಲಧಿಕಾರಿಗಳು ಏನಂದುಕೊಳ್ಳುತ್ತಾರೋ ಎಂದು ಒಂದು ಕ್ಷಣ ಯೋಚಿಸಿ ಹಾಗೇ ಬಿಟ್ಟರು.

ಸೋಮವಾರ ಸಿದ್ದಲಿಂಗಮ್ಮ ಎಂದಿಗಿಂತ ಬೇಗ ಬಂದು ತಮ್ಮ ಕೋಣೆಯ ಬೀಗ ತೆಗೆದರು. ಗಂಟೆ ಎಂಟೂವರೆ. ಚಿಕ್ಕಸ್ವಾಮಿ ಪಾತ್ರೆಯ ಮುಂದೆ ಬಗ್ಗಿದ್ದ. ಬೇಲಿಯಾಚೆ ಚಲುವಯ್ಯ ನಿಂತಿದ್ದರು.

"ಎಷ್ಟ್ಲಾ ಬಿದ್ದದೆ?"

"ಏನೂ ಇಲ್ಲ ಕಣಯ್ಯ."

"ಅಂಗಾರೆ ಸೊನ್ನೆ ಅಂತ ಬರೀಲಾ. ಅದೂ ಲೆಕ್ಕಾನೇ."