ತಂತಿ ಕಿತ್ತ ಮೆಷಿನ್ನಿನ ಎದೆಬಡಿತ

ಚಳಿಗಾಲ ಶುರುವಾಗಿತ್ತು, ಬೆಳಗ್ಗೆ ಹತ್ತು ಗಂಟೆ. ಗರ್ಭದ ಬಗ್ಗೆ ಸಂಶೋಧನೆ ಮಾಡುವ ಕೋಣೆಯ ನೆಲ ಒರೆಸುತ್ತಿದ್ದೆ. ಬಸುರಿಯರ ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಕೇಳಿಸುವ ಮೆಷಿನ್ನು, ಕರೆಂಟಿನ ತಂತಿ ಕಿತ್ತಿಟ್ಟಿದ್ದರೂ ಟಕಟಕ ಅನ್ನುತ್ತಿತ್ತು. ಪಕ್ಕದ ಖಾಲಿ ಮಂಚ ಮುಟ್ಟಿ ನೋಡಿದೆ, ಯಾರೋ ಈಗಷ್ಟೇ ಎದ್ದುಹೋದ ಹಾಗೆ ಬೆಚ್ಚಗಿತ್ತು.

ಏಳನೇ ತಿಂಗಳಲ್ಲಿ ಕೂಸು ಕಳಕೊಂಡಿದ್ದ ಡಾಕ್ಟರಮ್ಮ ಅವತ್ತೇ ಕೆಲಸಕ್ಕೆ ಮರಳಿದ್ದರು.

"ಅಜ್ಜಿ, ಮೆಷಿನ್ನಿಗೂ ನಿನ್ನ ಹಾಗೆ ಅರಳುಮರಳಾ?" ಅಂದವರು, ಕಿವಿಗೊಟ್ಟು ಕೇಳಿ ಅದರ ಪಕ್ಕವೇ ಕೂತರು. "ನಾಲ್ಕು ಸಲ ಬಡಿದು ಒಂದು ಸಲ ತಡೆಯುತ್ತೆ ನೋಡು. ನನ್ನ ಕೂಸಿನದ್ದೂ ಹೀಗೇ ಇತ್ತು."

"ಯಾರನ್ನಾದರೂ ಕರೀಲಾ ತಾಯಿ?"

"ಬೇಡ. ಅವತ್ತು ನಿದ್ದೆಯಲ್ಲಿದ್ದೆ, ಬಡಿತ ನಿಂತದ್ದೇ ಗೊತ್ತಾಗಲಿಲ್ಲ. ಈ ಸಲ ಜೊತೆಗಿರ್ತೀನಿ."

ಮೂರು ದಿನ ಎವೆ ಮುಚ್ಚದೆ ಕೂತರು, ಅದು ನಿಲ್ಲಲಿಲ್ಲ. ಗಂಡ ಬಂದು ಅವರನ್ನು ಕರಕೊಂಡು ಹೋದದ್ದು ಗುರುವಾರ. ಅವರು ಬಾಗಿಲು ದಾಟಿದ ಮೇಲೆಯೇ ಮೆಷಿನ್ನಿನ ಬಡಿತ ನಿಂತಿತು.