ನಿಮಿಷಕ್ಕೆ ನೂರಹದಿನಾಲ್ಕು

ಡಿಜೆಗೆ ಹೊಂದಿಕೊಂಡು ಹೋಗುವ ಗುಣ ಇರಲಿಲ್ಲ. ಯಾರೋ ಕೇಳಿದ ಹಾಡು ಹಾಕುವುದಿಲ್ಲ ಎಂದು ಮೂರು ಕ್ಲಬ್‌ಗಳಲ್ಲಿ ಜಗಳವಾಡಿ ಮೂರನ್ನೂ ಕಳೆದುಕೊಂಡಿದ್ದ. ಉಳಿದದ್ದು ಬೀದಿ ತಿರುವಿನ ಪಿಜ್ಜಾ ಅಂಗಡಿ ಒಂದೇ. ಭಾನುವಾರ ಮಧ್ಯಾಹ್ನ ಒಂದರಿಂದ ನಾಲ್ಕು.

ಅಲ್ಲಿಯ ಪಿಜ್ಜಾ ಬಗ್ಗೆ ಅವನಿಗೆ ಗೌರವವಿತ್ತು. ಹಿಟ್ಟು, ಟೊಮೆಟೊ, ಚೀಸ್, ಅಷ್ಟೆ. ಹಿಟ್ಟು ಕೆಡಿಸಿಕೊಂಡವರು ಮೇಲೆ ಚೀಸ್ ಸುರಿಯುತ್ತಾರೆ, ಬೀಟ್ ಕೆಡಿಸಿಕೊಂಡವರು ಮೇಲೆ ಹಾಡು ಸುರಿಯುತ್ತಾರೆ ಎಂಬುದು ಅವನ ಸಿದ್ಧಾಂತ. ಎಲೆಕ್ಟ್ರಾನಿಕ್ ಸಂಗೀತಕ್ಕೆ ಮಾತು ಯಾಕೆ? ಎದೆಗೆ ಬಡಿಯುವ ಒಂದು ಪೆಟ್ಟು ಸರಿಯಾಗಿದ್ದರೆ ಸಾಕು. ಇದನ್ನೆಲ್ಲ ಅವನು ಮೊದಲ ದಿನವೇ ಪಿಜ್ಜಾ ತಟ್ಟುವವಳಿಗೆ ವಿವರಿಸಿದ್ದ.

"ಮಾತು ಬೇಡ ಅಂತ ಹೇಳೋಕೆ ಎಷ್ಟು ಮಾತಾಡ್ತೀರಿ ನೀವು!" ಎಂದಿದ್ದಳು ಅವಳು. ಮೂಗಿನ ತುದಿಗೆ ಹಿಟ್ಟು ಮೆತ್ತಿತ್ತು.

ಅಂದಿನಿಂದ ಅವನು ವಾರವಿಡೀ ಭಾನುವಾರಕ್ಕೆ ಕಾಯತೊಡಗಿದ. ಅವಳನ್ನು ನೋಡಲು ಬೇರೆ ನೆಪವಿರಲಿಲ್ಲ.

ಎಂಟನೇ ಭಾನುವಾರ ಅವನು ವಯರ್ ಬಿಡಿಸುತ್ತಿರುವಾಗಲೇ ಅಂಗಡಿ ಯಜಮಾನರು, ಅಂದರೆ ಅವಳ ದೊಡ್ಡಪ್ಪ, ಸೊಂಟಕ್ಕೆ ಕೈಯಿಟ್ಟು ಬಂದು ನಿಂತರು.

"ಅಲ್ಲಯ್ಯಾ, ಹೋದ ವಾರ ಒಂಬತ್ತು ಪಿಜ್ಜಾ ತಟ್ಟುವಾಗ್ಲೇ ಹರಿದವು. ನೀನಿಲ್ಲದ ದಿನ ಒಂದೂ ಹರಿಯಲ್ಲ. ಇವತ್ತು ಮೂರು ಹರಿದ್ರೆ ನಿನ್ನ ಪೆಟ್ಟಿಗೆ ಎತ್ಕೊಂಡು ಹೊರಡು."

"ನಾನೇನು ಮಾಡ್ಲಿ ಸರ್? ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯ್ತು."

ಮಾತು ಜಾರಿದ ಮೇಲೆ ಅವನಿಗೆ ಹೊಳೆಯಿತು, ಪೆಟ್ಟು ಬಿದ್ದದ್ದು ದೊಡ್ಡಪ್ಪನಿಗಲ್ಲ.

ಒಲೆಯ ಮುಂದಿನಿಂದ ಅವಳು ತಿರುಗಿದಳು. "ಓಹೋ! ಕುಣಿಯಲಾರದವಳು ನಾನಾ? ನೀವು ಸ್ಪೀಡ್ ಏರಿಸಿದ ಹಾಗೆ ನನ್ನ ಕೈಯೂ ಓಡುತ್ತೆ ಕಣ್ರೀ. ಕಿವಿ ಮುಚ್ಕೊಂಡು ತಟ್ಟೋಕೆ ನನಗೇನು ನಾಲ್ಕು ಕೈ ಇದ್ಯಾ?"

ಅವನು ಹೆಡ್‌ಫೋನ್ ಏರಿಸಿಕೊಂಡ. ಎಂದಿನಂತೆ ಶುರು ಮಾಡಿದ, ಎಂದಿನಂತೆ ವೇಗ ಏರಿಸಿದ. ಒಂದು ಹಿಟ್ಟು ಹರಿಯಿತು. ದೊಡ್ಡಪ್ಪ ದೂರದಿಂದಲೇ ಒಂದು ಬೆರಳು ಎತ್ತಿದರು. ಐದೇ ನಿಮಿಷಕ್ಕೆ ಎರಡನೇ ಬೆರಳೂ ಎದ್ದಿತು.

ಡಿಜೆ ಸಂಗೀತ ನಿಲ್ಲಿಸಿದ. ಮೈಕ್ ಕಿತ್ತುಕೊಂಡು ಹೋಗಿ ಅವಳು ಹಿಟ್ಟು ತಟ್ಟುವ ಅಮೃತಶಿಲೆಯ ಹಲಗೆಯ ಪಕ್ಕಕ್ಕೆ ಟೇಪ್ ಸುತ್ತಿ ಕಟ್ಟಿದ.

"ಏನ್ರೀ ಇದು?"

"ನೀವು ತಟ್ಟಿ. ನಾನು ಹಿಂದೆ ಬರ್ತೀನಿ."

"ಹಿಂದೆ? ನೀವಾ?" ಅವಳು ಓರೆಗಣ್ಣಲ್ಲಿ ನೋಡಿದಳು. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು.

ಪಟ್, ಪಟ್, ಪಟ್. ಅವಳ ಅಂಗೈಯ ಸದ್ದು ಸ್ಪೀಕರಿನಲ್ಲಿ ಗೋಡೆಯಷ್ಟು ದೊಡ್ಡದಾಗಿ ಬಂತು. ಅವನು ತನ್ನ ಬೀಟನ್ನು ಇಳಿಸುತ್ತ ಹೋದ. ನಿಮಿಷಕ್ಕೆ ನೂರಿಪ್ಪತ್ತಾರು ಪೆಟ್ಟು. ನೂರಿಪ್ಪತ್ತು. ನೂರಹದಿನಾಲ್ಕಕ್ಕೆ ಎರಡೂ ಒಂದಾದವು. ಕಣ್ಣು ಎತ್ತಿದ. ಅವಳು ಅವನನ್ನೇ ನೋಡುತ್ತಿದ್ದಳು, ಹಿಟ್ಟು ಅದರ ಪಾಡಿಗೆ ದುಂಡಗೆ ಹರಡುತ್ತಿತ್ತು.

ಅವಳ ತಟ್ಟಿನ ಕೆಳಗೆ ಅವನು ಬೇಸ್‌ನ ಮಂದ್ರ ಗುಡುಗು ಬಿಟ್ಟ. ಕಿಟಕಿ ಪಕ್ಕದ ಅಜ್ಜಿ ಫೋರ್ಕಿನಿಂದ ತಟ್ಟೆ ಬಡಿದರು. ಕೊರಿಯರ್‌ನವನು ಹೆಲ್ಮೆಟ್ ತೆಗೆಯದೆಯೇ ಕುಣಿದ. ಮೂರು ಗಂಟೆಗೆ ಅಂಗಡಿಯಲ್ಲಿ ಕೂತೇ ಇದ್ದವರು ಯಾರೂ ಇರಲಿಲ್ಲ. ಮೂರನೆಯದು ಹರಿಯಲೇ ಇಲ್ಲ.

ನಾಲ್ಕಕ್ಕೆ ಸದ್ದು ಇಳಿಸಿ ಅವನು ಹಲಗೆಯ ಹತ್ತಿರ ಬಂದ. ಮೈಕನ್ನು ಅಂಗೈಯಿಂದ ಮುಚ್ಚಿದ.

"ಇದುವರೆಗೂ ಯಾರ ಸ್ಪೀಡಿಗೂ ನಡೆದವನಲ್ಲ ನಾನು. ನಿಮ್ಮದಕ್ಕೆ ನಡೀತೀನಿ. ಭಾನುವಾರ ಒಂದೇ ಸಾಲ್ತಾ ಇಲ್ಲ."

ಅವಳು ಅವನ ಕೈ ಹಿಡಿದು ಮೈಕಿನಿಂದ ಸರಿಸಿದಳು. ಬಿಡಲಿಲ್ಲ. ಬಗ್ಗಿ ಇಡೀ ಅಂಗಡಿಗೆ ಕೇಳುವಂತೆ ಹೇಳಿದಳು: "ದೊಡ್ಡಪ್ಪಾ, ಇವನೆಲ್ಲೂ ಹೋಗಲ್ಲ. ಅಂಗಡಿಗೆ ಬೇಡ ಅಂದ್ರೆ ಬಿಡಿ, ನನಗೆ ಬೇಕು!"

ಶಿಳ್ಳೆ ಬಿತ್ತು. ಅಜ್ಜಿಯ ಶಿಳ್ಳೆಯೇ ಜೋರು.

"ಇರ್ಲಿ ಬಿಡು ತಾಯಿ," ದೊಡ್ಡಪ್ಪ ಕೂಗಿದರು, "ಮೊದಲು ಒಲೆ ನೋಡು!"

ಆ ಮಧ್ಯಾಹ್ನ ಹೋದದ್ದು ಇಷ್ಟು: ಹರಿದ ಪಿಜ್ಜಾ ಎರಡು, ಅವರು ಕೈ ಹಿಡಿದು ನಿಂತಿದ್ದಾಗ ಸೀದು ಕರಕಲಾದದ್ದು ಮೂರು, ಹಿಟ್ಟು ಹೊಕ್ಕು ಕೆಟ್ಟ ಮೈಕ್ ಒಂದು.