ಗಿಳಿ ಕೆತ್ತಿದ ಸ್ಟೂಲು

ಅವಮಾನಗಳಲ್ಲಿ ನೂರೆಂಟು ಬಗೆ. ಆದರೆ ಕೃಷ್ಣಾ-ಭೀಮಾ ನದಿಗಳ ನಡುವೆ ಇಂದಿನವರೆಗೆ ಯಾವ ಹೆಂಗಸಿಗೂ ಆಗದಂಥ ಅವಮಾನ ಸುರಪುರದ ಕಸ್ತೂರಿಗೆ ಆಗಿತ್ತು. ಅವಳನ್ನು ಬಚ್ಚಲ ಸ್ಟೂಲಿನ ಮೇಲೆ ಕೂರಿಸಿದ್ದರು.

ನಡೆದದ್ದು ಯಾದಗಿರಿಯಲ್ಲಿ, ಮೈದುನನ ಮಗಳ ತೊಟ್ಟಿಲ ಕಾರ್ಯದ ದಿನ. ಬಂದ ಹೆಂಗಸರಿಗೆಲ್ಲ ಮೆತ್ತನೆಯ ಕುರ್ಚಿ. ಹಿರಿಸೊಸೆ ಕಸ್ತೂರಿ ಮಾತ್ರ ನಿಂತೇ ಇದ್ದಳು. ಆಗ ಮೈದುನನ ಹೆಂಡತಿ ಶಾಂಭವಿ ಒಳಗಿನಿಂದ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಸ್ಟೂಲೊಂದನ್ನು ಹಿಡಿದು ಬಂದಳು.

“ಇದರ ಮ್ಯಾಲ ಕುಂದ್ರು ಯಕ್ಕಾ. ನೀ ಏನ್ ಬೀಗತಿ ಏನು, ಮನಿಯಾಕಿ.”

ಸ್ಟೂಲಿನ ನೀರು ಆರಿರಲಿಲ್ಲ. ಕಸ್ತೂರಿ ಎದ್ದಾಗ ರೇಷ್ಮೆ ಸೀರೆಯ ಹಿಂದೆ ಹಂಚಿನಷ್ಟಗಲದ ಒದ್ದೆ ಗುರುತು. “ಇದೇನವಾ, ಸೀರಿ ಮ್ಯಾಲ ಹುಣ್ಣಿಮಿ ಮೂಡ್ಯಾದ!” ಎಂದು ಯಾರೋ ಅಂದರು. ಆಗ ಎದ್ದ ನಗು ಭೀಮೆಯನ್ನು ದಾಟಿತು. ವಡಗೇರಾದ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬಸ್ಸುಗಳೆಲ್ಲ ಗಾಬರಿಯಿಂದ ಹಾರ್ನ್ ಹೊಡೆದವು. ಕಸ್ತೂರಿಗಂತೂ ಹಾಗೇ ಕೇಳಿಸಿತು.

ಬೇರೆಯವರಾಗಿದ್ದರೆ ಅಲ್ಲೇ ಜಗಳ ತೆಗೆದು, ಸಂಜೆಗೆ ಮರೆಯುತ್ತಿದ್ದರು. ಕಸ್ತೂರಿ ಎರಡು ವರ್ಷ ಕಾದಳು. ಸಿಟ್ಟನ್ನು ಅವಳಷ್ಟು ಜತನವಾಗಿ ಕಾಪಿಟ್ಟವರು ಮೂರು ತಾಲೂಕಿನಲ್ಲಿ ಸಿಗಲಾರರು. ಉಪ್ಪಿನಕಾಯಿಯೂ ಅಷ್ಟು ದಿನ ಕೆಡದೆ ಇರುವುದಿಲ್ಲ.

ಕಾದದ್ದಕ್ಕೆ ಫಲ ಬಂತು. ಒಂದು ದಿನ ಶಾಂಭವಿಯೇ ಫೋನ್ ಮಾಡಿದಳು.

“ಯಕ್ಕಾ, ಹೊಸ ಮನಿ ಮುಗೀಲಿಕ್ಕ ಬಂದದ. ಹಾಲ್‌ನಾಗ, ಅಡಗಿಮನ್ಯಾಗ ಸ್ಟೂಲ್ ಇಡಬೇಕು. ಹಳೇ ಕಾಲದ್ದು, ಹೊಸಾದು ಎರಡೂ ಕೂಡಿಸಿ ಇಡೋದೇ ಈಗ ಫ್ಯಾಶನ್ ಅಂತ. ನೀನೇ ಆರಿಸಿಕೊಡು. ನಿನ್ನ ಕಣ್ಣು ಚಲೋ ಅದ.”

“ಆಯ್ತವ ತಂಗಿ,” ಎಂದಳು ಕಸ್ತೂರಿ, ಸಕ್ಕರೆ ಬೆರೆಸಿದ ದನಿಯಲ್ಲಿ. ಫೋನ್ ಕೆಳಗಿಡುವ ಮೊದಲೇ ಅವಳ ತಲೆಯಲ್ಲಿ ಶಾಂಭವಿ ನೆಲಕ್ಕೆ ಬಿದ್ದಾಗಿತ್ತು. ಎಲ್ಲರೆದುರು, ಕಾಲು ಮೇಲಾಗಿ.

ಹೊಸ ಸ್ಟೂಲುಗಳನ್ನು ಅವಳು ಯಾದಗಿರಿಯಲ್ಲೇ ಆರಿಸಿದಳು. ಅಡುಗೆಕಟ್ಟೆಗೆ ಎತ್ತರದ ಎರಡು, ಹಾಲ್‌ಗೆ ಗಿಡ್ಡನೆಯ ನಾಲ್ಕು. ಎಲ್ಲಕ್ಕೂ ಸ್ಟೀಲಿನ ಕಾಲು, ಬೂದಿ ಬಣ್ಣದ ದುಂಡನೆಯ ಗಾದಿ. ಬೇಕೆಂದೇ ಸಪ್ಪೆಯವನ್ನು ತೆಗೆದುಕೊಂಡಳು. ಆರು ಬೂದುಸ್ಟೂಲುಗಳ ನಡುವೆ ಒಂದೇ ಒಂದು ಹಳೆಯ ಚೆಲುವಾದ ಸ್ಟೂಲಿದ್ದರೆ ಶಾಂಭವಿಯಂಥವಳು ಇನ್ನಾವುದರ ಮೇಲೆ ಕೂತಾಳು?

ಆ ಹಳೆಯದು ಶಹಾಪುರದಲ್ಲಿ ಸಿಕ್ಕಿತು, ಮಕ್ತುಮಸಾಬರ ಹಳೇ ಸಾಮಾನಿನ ಅಂಗಡಿಯಲ್ಲಿ. ಸಾಗವಾನಿಯದು, ಮೂರು ಕಾಲು, ಒಂದೊಂದು ಕಾಲಿಗೂ ಕೆತ್ತಿದ ಒಂದೊಂದು ಗಿಳಿ. ಅಂಥವೇ ಎರಡಿದ್ದವು, ಅವಳಿಜವಳಿಯಂತೆ.

“ದೇಸಾಯರ ವಾಡೇದಾಗಿನವು ಬಾಯೀ. ಆನಿ ಕುಂತ್ರೂ ಅಲ್ಲಾಡಂಗಿಲ್ಲ,” ಎಂದರು ಸಾಬರು.

ಅಲ್ಲಾಡಬೇಕಾಗಿದ್ದೇ ಆನೆ ಕೂತಾಗ. ಕಸ್ತೂರಿ ಎರಡನ್ನೂ ಕೊಂಡಳು. ಒಂದು ಶಾಂಭವಿಗೆ, ಇನ್ನೊಂದು ಅಭ್ಯಾಸಕ್ಕೆ.

ಮುಂದಿನದು ಶುದ್ಧ ವಿಜ್ಞಾನ. ಶಾಂಭವಿ ತೂಕ ಇಳಿಸುವ ವ್ರತ ಹಿಡಿದಿದ್ದಳು. ಪ್ರತಿ ಸೋಮವಾರ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ತನ್ನ ತೂಕವನ್ನು ತಾನೇ ಸಾರುತ್ತಿದ್ದಳು. ಎಂಬತ್ತನಾಲ್ಕು ಕಿಲೋ. ಕಸ್ತೂರಿ ರೇಷನ್ ಅಂಗಡಿಯ ತಕ್ಕಡಿ ಹತ್ತಿ ನೋಡಿದಳು. ಐವತ್ತೊಂದು. ತನ್ನನ್ನು ಹೊತ್ತು ನಿಲ್ಲಬೇಕು, ಅವಳು ಕೂತರೆ ಮುರಿಯಬೇಕು. ಅಂಥ ಸ್ಟೂಲನ್ನು ವಿಶ್ವಕರ್ಮನೂ ಮಾಡಿರಲಿಕ್ಕಿಲ್ಲ. ಕಸ್ತೂರಿ ಹನ್ನೆರಡು ದಿನದಲ್ಲಿ ಮಾಡಿದಳು.

ಅಭ್ಯಾಸದ ಸ್ಟೂಲಿಗೆ ಮೂರು ಕಾಲು, ಹಾಗಾಗಿ ಮೂರು ಪರೀಕ್ಷೆ. ಗರಗಸದ ಬ್ಲೇಡಿನಿಂದ ಕಾಲನ್ನು ಕೊಯ್ದು ಮೇಲೆ ತೊಗರಿ ಚೀಲ ಹೇರುತ್ತಿದ್ದಳು. ಮುರಿದ ಕಾಲಿನ ಜಾಗಕ್ಕೆ ಇಟ್ಟಂಗಿ ಒಟ್ಟಿ ಮುಂದಿನ ಕಾಲಿಗೆ ಕೈಹಾಕುತ್ತಿದ್ದಳು. ಮೊದಲನೆಯದು ನಲವತ್ತಕ್ಕೇ ಮುರಿಯಿತು. ಎರಡನೆಯದು ನೂರು ಹೇರಿದರೂ ಜಗ್ಗಲಿಲ್ಲ. ಮೂರನೆಯದು ಐವತ್ತೈದು ಕಿಲೋ ತಡೆದು ಐವತ್ತೆಂಟಕ್ಕೆ ಲಟಕ್ಕೆಂದಿತು. ಅದೇ ಅಳತೆಯಲ್ಲಿ ಶಾಂಭವಿಯ ಸ್ಟೂಲಿನ ಕಾಲನ್ನು ಗಿಳಿಯ ಕೊರಳ ಹಿಂದೆ ಕೊಯ್ದಳು. ಗಾಯಕ್ಕೆ ಮೇಣ ಮತ್ತು ಕಟ್ಟಿಗೆ ಪುಡಿ ಮೆತ್ತಿ, ಬೂಟ್ ಪಾಲಿಶ್ ತಿಕ್ಕಿದಳು. ಅಭ್ಯಾಸದ ಸ್ಟೂಲು ಒಲೆಗೆ ಹೋಯಿತು. ಅದರ ಬೆಂಕಿಯಲ್ಲಿ ಕಾಸಿದ ಚಹಾದಂಥ ರುಚಿ ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಮರೆಮಾಚಲು ಎರಡು ಉಪಾಯ. ಮೊದಲನೆಯದು, ಹಳೆಯದು ಬೇಡವೆಂದು ತಾನೇ ಹೇಳುವುದು. ಗೃಹಪ್ರವೇಶದ ಹಿಂದಿನ ದಿನ ನಾಲ್ಕು ಜನ ಕೇಳುವಂತೆ ಹೇಳಿದಳು.

“ತಂಗಿ, ಇದು ವಾಪಸ್ ಕೊಟ್ಟುಬಿಡ್ತೀನಿ. ಹಳೇ ಕಟ್ಟಿಗಿ, ಒಳಗ ಗೆದ್ದಲು ಇದ್ದರ?”

“ಹುಚ್ಚಿ ಇದ್ದೀಯೇನ್ ಯಕ್ಕಾ! ಮನಿಗೆಲ್ಲ ಇದೇ ಮುದ್ದಾಗಿ ಕಾಣ್ತದ,” ಎಂದು ಶಾಂಭವಿ ಸ್ಟೂಲನ್ನು ಅಪ್ಪಿಕೊಂಡಳು.

ಎರಡನೆಯ ಉಪಾಯ ಇನ್ನೂ ಚೆಂದ. ಎಲ್ಲರೆದುರು ಮೊದಲು ಅದರ ಮೇಲೆ ಕಸ್ತೂರಿಯೇ ಕೂರುವುದು. ತಾನೇ ಕೊಯ್ದ ಸ್ಟೂಲಿನ ಮೇಲೆ ಯಾರಾದರೂ ಕೂತಾರೆಯೇ? ಯಾವ ಪೊಲೀಸನಿಗೂ, ಯಾವ ಅತ್ತೆಗೂ ಅನುಮಾನ ಬರಲಾರದು.

ಕಾರ್ಯದ ದಿನ ಹಾಲು ಉಕ್ಕಿತು, ಪೂಜೆ ಮುಗಿಯಿತು. ಓಣಿಯ ಹೆಂಗಸರೆಲ್ಲ ಹಾಲ್‌ನಲ್ಲಿ ನೆರೆದರು. ಕಸ್ತೂರಿ ಸೀರೆಯ ನೆರಿಗೆ ಸರಿಪಡಿಸಿಕೊಂಡು ಗಿಳಿಯ ಸ್ಟೂಲಿನ ಮೇಲೆ ಮಹಾರಾಣಿಯಂತೆ ಕೂತಳು. ಸ್ಟೂಲು ಉಸಿರೆತ್ತಲಿಲ್ಲ.

“ನೋಡ್ರಿ, ಎಷ್ಟ್ ಗಟ್ಟಿ ಅದ! ಬಾ ತಂಗಿ, ಈಗ ನೀ ಕುಂದ್ರು,” ಎಂದು ಏಳಹೋದಳು.

“ಏಳಬ್ಯಾಡ, ಏಳಬ್ಯಾಡ!” ಶಾಂಭವಿ ಅವಳ ಹೆಗಲು ಹಿಡಿದು ಕೂರಿಸಿದಳು. “ಅತ್ತೀ, ಹೆಂಗೂ ಕುಂತಾಳ. ಮೊದಲ ಉಡಿ ಯಕ್ಕಗೇ ತುಂಬಿಬಿಡೂಣ. ಇಷ್ಟು ಓಡಾಡಿ ಎಲ್ಲಾ ಆರಿಸಿಕೊಟ್ಟಾಳ.”

ಅತ್ತೆ ಶಿವಬಸಮ್ಮ ಮೊರ ಹಿಡಿದು ಬಂದರು. “ಹೌದವ, ಹಿರಿಸೊಸಿ. ಐದು ಸೇರಿನ ಉಡೀನೇ ಆಗಲಿ.”

“ನಂದು ಆಮ್ಯಾಲ ಅತ್ತೀ, ಮೊದಲ ಮನಿಯಾಕಿಗೆ...” ಕಸ್ತೂರಿ ಮತ್ತೆ ಏಳಹೋದಳು.

“ಸುಮ್ನ ಕುಂದ್ರು! ಉಡಿ ಮುಂದ ಬಂದಾಗ ಏಳ್ತಾರೇನ? ಸೆರಗು ಒಡ್ಡು.”

ಹೋಗಲಿ, ಎರಡು ನಿಮಿಷದ ಮಾತು, ಐವತ್ತೊಂದಕ್ಕೇನೂ ಆಗುವುದಿಲ್ಲ ಎಂದುಕೊಂಡು ಕಸ್ತೂರಿ ಸೆರಗೊಡ್ಡಿದಳು. ಕುಪ್ಪಸದ ಬಟ್ಟೆ ಬಿತ್ತು, ಎಲೆಯಡಿಕೆ ಬಿತ್ತು, ಅರಿಸಿನ ಬೇರು, ಉತ್ತತ್ತಿ ಬಿದ್ದವು. ಅವಳು ನಗುತ್ತಲೇ ಇದ್ದಳು. ಆಮೇಲೆ ಶಿವಬಸಮ್ಮ ಅಕ್ಕಿ ಸುರಿಯತೊಡಗಿದರು. ಒಂದು ಸೇರು, ಎರಡು, ಮೂರು. ಹೆಂಗಸರು ಹಾಡಿನ ದನಿ ಏರಿಸಿದರು. ನಾಲ್ಕು, ಐದು. “ಐದು ತೆಂಗಿನಕಾಯಿ ತಾರವ ಶಾಂಭವೀ, ಬೆಲ್ಲದ ಅಚ್ಚೂ ತಾ,” ಎಂದರು ಅತ್ತೆ.

ಮೂರನೆಯ ಕಾಯಿ ಮಡಿಲಿಗೆ ಬಿದ್ದಾಗ ಗಿಳಿಯ ಕೊರಳು ಲಟಕ್ಕೆಂದಿತು. ಕಸ್ತೂರಿ ಅಕ್ಕಿಯ ರಾಶಿಯ ನಡುವೆ ಕಾಲು ಮೇಲಾಗಿ ಬಿದ್ದಳು. ಮುರಿದ ಕಾಲು ಉರುಳಿ ಅತ್ತೆಯ ಪಾದದ ಬಳಿ ನಿಂತಿತು. ಅವರು ಅದನ್ನೆತ್ತಿ, ಅರ್ಧದವರೆಗೆ ಗೆರೆ ಎಳೆದಂತಿದ್ದ ಗರಗಸದ ಕೊಯ್ತವನ್ನು ಹೆಬ್ಬೆರಳಿನಿಂದ ಸವರಿದರು. ಉಗುರಿಗೆ ಮೇಣ ಹತ್ತಿತು. “ಇದು ಗೆದ್ದಲು ತಿಂದದ್ದಲ್ಲ ಕಸ್ತೂರಿ,” ಎಂದು ಮೆಲ್ಲಗೆ ಹೇಳಿದರು. ನೆಗೆಣ್ಣಿ ಶಾಂಭವಿಯ ತೂಕವನ್ನೂ ತನ್ನ ತೂಕವನ್ನೂ ತೂಗಿ ನೋಡಿದ್ದ ಕಸ್ತೂರಿ, ಹಿರಿಸೊಸೆಗೆ ತುಂಬುವ ಉಡಿಗೂ ತೂಕವಿರುತ್ತದೆ ಎಂಬುದೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.